ಕಾರಿಗೆ ಹಾಕಿಸಿದ್ದನ್ನು ವಿಮೆಯಲ್ಲೂ ಬರೆಸಿದ್ದೀರಾ?



ಮೊದಲೆಲ್ಲ ಸಂಘದ ಸಾಲ ಅಂದರೆ ಹಸು, ಹೊಲಿಗೆ ಯಂತ್ರ, ಮಕ್ಕಳ ಫೀಸು. ಈಗ ಒಂದು ಕಾರು ತೆಗೆದು ಬಾಡಿಗೆಗೆ ಓಡಿಸೋಣ ಎನ್ನುವವರೂ ನಮ್ಮಲ್ಲಿ ಇದ್ದಾರೆ. ಒಳ್ಳೆಯದೇ. ಆದರೆ ಕಾರು ಕಳುವಾದರೂ ಸುಟ್ಟುಹೋದರೂ ಸಾಲದ ಕಂತು ನಿಲ್ಲುವುದಿಲ್ಲ. ಅಂಥ ದಿನ ಕೈಹಿಡಿಯಬೇಕಾದದ್ದು ವಿಮೆ. ಅದು ಪೂರ್ತಿ ಕೈಹಿಡಿಯಬೇಕಾದರೆ ಪಾಲಿಸಿ ಕಾಗದದಲ್ಲಿರುವ ಕಾರು ಮತ್ತು ಅಂಗಳದಲ್ಲಿ ನಿಂತಿರುವ ಕಾರು ಎರಡೂ ಒಂದೇ ಆಗಿರಬೇಕು. ಈ ಸಲ ಅದನ್ನೇ ತಿಳಿದುಕೊಳ್ಳೋಣ.

ವಿಮೆಯಲ್ಲಿ ಎರಡು ಭಾಗ. ನಮ್ಮ ಕಾರಿನಿಂದ ಬೇರೆಯವರಿಗಾದ ಹಾನಿಗೆ ಥರ್ಡ್ ಪಾರ್ಟಿ ವಿಮೆ. 1988ರ ಮೋಟಾರು ವಾಹನ ಕಾಯಿದೆಯ 146ನೇ ಕಲಮಿನಂತೆ ಇದು ಕಡ್ಡಾಯ. ನಮ್ಮ ಕಾರಿಗೇ ಆದ ನಷ್ಟಕ್ಕೆ ಇನ್ನೊಂದು ಭಾಗ. ಇದು ನಮ್ಮ ಇಷ್ಟ, ಸಾಲ ಕೊಟ್ಟ ಬ್ಯಾಂಕು ಮಾತ್ರ ಮಾಡಿಸದೆ ಬಿಡುವುದಿಲ್ಲ. ಎಡವಟ್ಟು ಆಗುವುದು ಹೆಚ್ಚಾಗಿ ಇಲ್ಲೇ.

ಪಾಲಿಸಿಯಲ್ಲಿ ಐ.ಡಿ.ವಿ. ಎಂದು ಒಂದು ಮೊತ್ತ ಬರೆದಿರುತ್ತದೆ. ಕಾರು ಪೂರ್ತಿ ಹೋದರೆ ಕೈಗೆ ಸಿಗುವ ಹಣಕ್ಕೆ ಅದೇ ಲೆಕ್ಕ. ಕಂಪೆನಿ ಆ ಮಾದರಿಗೆ ಇಟ್ಟ ಬೆಲೆಯಲ್ಲಿ ಸವಕಳಿ ಕಳೆದು ಇದನ್ನು ಹಿಡಿಯುತ್ತಾರೆ. 2002ರ ಮೋಟಾರ್ ಟಾರಿಫ್ ಪ್ರಕಾರ ಒಂದರಿಂದ ಎರಡು ವರ್ಷದ ಕಾರಿಗೆ ಶೇ. 20, ಎರಡರಿಂದ ಮೂರಕ್ಕೆ ಶೇ. 30 ಕಳೆಯಬೇಕು. 6 ಲಕ್ಷದ ಕಾರಿಗೆ ಎರಡೂವರೆ ವರ್ಷವಾಗಿದ್ದರೆ 4,20,000 ರೂಪಾಯಿ ಅಂತಾಯಿತು.

ಇದರಲ್ಲಿ ಏನೇನು ಸೇರಿದೆ? ಫ್ಯಾಕ್ಟರಿಯಲ್ಲೇ ಕೂರಿಸಿ, ಆ ಮಾದರಿಯ ಬೆಲೆಯೊಳಗೇ ಬಂದದ್ದು ಸೇರಿದೆ. ಅದನ್ನು ಬೇರೆ ಬರೆಸಬೇಕಿಲ್ಲ, ಆದರೆ ವೇರಿಯಂಟ್ ಹೆಸರು ಸರಿ ಇರಲೇಬೇಕು. ಒಂದೇ ಹೆಸರಿನ ಕಾರಿನಲ್ಲಿ ಬೇಸ್ ಮಾಡೆಲ್, ಟಾಪ್ ಮಾಡೆಲ್ ಅಂತ ನಾಲ್ಕಾರು ಇರುತ್ತವೆ. ಟಾಪ್ ಮಾಡೆಲ್‌ಗೆ ದುಡ್ಡು ಕೊಟ್ಟು ಪಾಲಿಸಿಯಲ್ಲಿ ಬೇಸ್ ಮಾಡೆಲ್ ಅಂತ ಬಿದ್ದಿದ್ದರೆ ನಷ್ಟ ನಮಗೇ. ಆರ್.ಸಿ. ಮತ್ತು ಕಾರಿನ ಬಿಲ್ಲು ಪಕ್ಕದಲ್ಲಿಟ್ಟುಕೊಂಡು ನೋಡಿ.

ಶೋರೂಮಿನವರು ಆಮೇಲೆ ಹಾಕಿಕೊಟ್ಟ ಮ್ಯೂಸಿಕ್ ಸಿಸ್ಟಮ್, ಹಿಂದಿನ ಕ್ಯಾಮೆರಾ, ಅಲಾಯ್ ಚಕ್ರ, ಸೀಟ್ ಕವರ್ ಇವು ಆ ಬೆಲೆಯಲ್ಲಿ ಇಲ್ಲ. "ಶೋರೂಮಿನಲ್ಲೇ ಹಾಕಿಸಿದ್ದಲ್ವಾ" ಎಂದು ಸುಮ್ಮನಿದ್ದರೆ ಕಳುವಾದಾಗ ಅದರ ಹಣ ಬರುವುದಿಲ್ಲ. ಎಲೆಕ್ಟ್ರಿಕಲ್ ಮತ್ತು ಇತರೆ ಎಂದು ಎರಡಾಗಿ ವಿಂಗಡಿಸಿ, ಬೆಲೆ ಸಮೇತ ಬರೆಸಬೇಕು. ಆನ್‌ಲೈನ್‌ನಲ್ಲಿ ರಿನ್ಯೂ ಮಾಡುವಾಗ ಈ ಅಂಕಣದಲ್ಲಿ ಸೊನ್ನೆ ಹಾಕಿ ಮುಂದೆ ಹೋಗುವುದು ಮಾಮೂಲು. ಮಗನೋ ಏಜೆಂಟೋ ತುಂಬುತ್ತಿದ್ದರೆ ಪಕ್ಕದಲ್ಲೇ ಕೂತು ಕೇಳಿ.

ಎಲ್ಲಕ್ಕಿಂತ ದೊಡ್ಡ ವಿಷಯ ಗ್ಯಾಸ್ ಕಿಟ್. ಪೆಟ್ರೋಲ್ ಉಳಿಸಲು ಹೊರಗೆ ಸಿ.ಎನ್.ಜಿ. ಅಥವಾ ಎಲ್.ಪಿ.ಜಿ. ಕಿಟ್ ಹಾಕಿಸುವುದು ಕಾನೂನಿನ ಕಣ್ಣಲ್ಲಿ ವಾಹನದ ಬದಲಾವಣೆ. ಮಾನ್ಯತೆ ಪಡೆದ ಕಿಟ್ಟನ್ನು ಮಾನ್ಯತೆ ಇರುವವರಲ್ಲೇ ಹಾಕಿಸಿ, 52ನೇ ಕಲಮಿನಂತೆ 14 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಿ ಆರ್.ಸಿ.ಯಲ್ಲಿ ಇಂಧನ ತಿದ್ದಿಸಬೇಕು. ಆಮೇಲೆ ವಿಮೆಯವರಿಗೆ. ಹಳೇ ಟಾರಿಫ್‌ನಲ್ಲಿ ಕಿಟ್ಟಿನ ಬೆಲೆಯ ಶೇ. 4 ಹೆಚ್ಚುವರಿ ಪ್ರೀಮಿಯಂ ಇತ್ತು. 60,000 ರೂಪಾಯಿಯ ಕಿಟ್ಟಿಗೆ ವರ್ಷಕ್ಕೆ 2,400, ಅಂದರೆ ತಿಂಗಳಿಗೆ 200. 2007ರಿಂದ ಕಂಪೆನಿಗಳೇ ದರ ಇಡುವುದರಿಂದ ಸ್ವಲ್ಪ ಆಚೀಚೆ ಆಗಬಹುದು. ಇಷ್ಟು ಉಳಿಸಲು ಹೋಗಿ ಹೇಳದೇ ಬಿಟ್ಟು, ನಾಳೆ ಕಾರಿಗೆ ಬೆಂಕಿ ಬಿದ್ದರೆ ಕ್ಲೇಮ್ ತಳ್ಳಿಹಾಕಲು ಕಂಪೆನಿಗೆ ನಾವೇ ಕಾರಣ ಕೊಟ್ಟ ಹಾಗೆ. ಕಂಪೆನಿಯಿಂದಲೇ ಗ್ಯಾಸ್ ಇದ್ದು ಬಂದ ಕಾರಾದರೂ ಪಾಲಿಸಿಯಲ್ಲಿ ಹಾಗೆಂದು ನಮೂದಾಗಿದೆಯೇ ನೋಡಿ. ಸಿ.ಎನ್.ಜಿ. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುವುದೂ ಮರೆಯಬೇಡಿ.

ಬರೆಸಿದ ಮಾತ್ರಕ್ಕೆ ಎಲ್ಲವೂ ಸಕ್ರಮ ಆಗುವುದಿಲ್ಲ. ಕಿಟಕಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ಸುಪ್ರೀಂ ಕೋರ್ಟ್ 2012ರಲ್ಲೇ ನಿಷೇಧಿಸಿತು. ಮುಂದೆ ಹಾಕುವ ಕಬ್ಬಿಣದ ಗಾರ್ಡ್ ವಿರುದ್ಧ 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಆದೇಶಿಸಿತು. 2019ರ ತಿದ್ದುಪಡಿಯಂತೆ ಕಾನೂನು ಒಪ್ಪದ ಬದಲಾವಣೆ ಒಂದೊಂದಕ್ಕೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು.

ಹೇಳಿದರೆ ಲಾಭವೂ ಇದೆ. ಅಂಗವಿಕಲರು ಓಡಿಸಲು ಅನುಕೂಲವಾಗುವಂತೆ ಬದಲಿಸಿ ಆರ್.ಸಿ.ಯಲ್ಲಿ ಬರೆಸಿದ ವಾಹನಕ್ಕೆ, ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಅರ್ಧ ರಿಯಾಯಿತಿಯನ್ನು ಆ ಟಾರಿಫ್ ಕೊಟ್ಟಿತ್ತು. ನಿಮ್ಮ ಕಂಪೆನಿಯವರನ್ನು ಕೇಳಿ ನೋಡಿ, ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಹಿಂದಿನವರು ಏನೇನು ಹಾಕಿಸಿದ್ದರು ಎಂದು ಗ್ಯಾರೇಜಿನವರ ಹತ್ತಿರ ತೋರಿಸಿ ಪಟ್ಟಿ ಮಾಡಿ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಹಾಕುವಾಗಲೇ ಆ ಪಟ್ಟಿಯನ್ನೂ ಕೊಡಿ. ಬಾಡಿಗೆಗೆ ಓಡಿಸುವುದಾದರೆ ಖಾಸಗಿ ಕಾರಿನ ಪಾಲಿಸಿ ನಡೆಯುವುದಿಲ್ಲ, ಹಳದಿ ಬೋರ್ಡು, ಪರ್ಮಿಟ್ ಮತ್ತು ಅದಕ್ಕೆ ತಕ್ಕ ವಿಮೆ ಬೇಕು.

ತಿಳಿಸುವುದನ್ನು ಬಾಯಲ್ಲಿ ಬೇಡ, ಬರವಣಿಗೆಯಲ್ಲೇ ತಿಳಿಸಿ. ಬಿಲ್ಲಿನ ಜೆರಾಕ್ಸ್, ಕಾರಿನ ಫೋಟೋ ಲಗತ್ತಿಸಿ ಸ್ವೀಕೃತಿ ಪಡೆಯಿರಿ. ಪಾಲಿಸಿ ನಡುವೆ ಏನಾದರೂ ಹಾಕಿಸಿದರೆ ರಿನ್ಯೂವಲ್‌ವರೆಗೆ ಕಾಯದೆ ಎಂಡಾರ್ಸ್‌ಮೆಂಟ್ ಕೇಳಿ. ಎಲ್ಲ ಸರಿ ಇದ್ದೂ ಕ್ಲೇಮ್ ಕೊಡದಿದ್ದರೆ ಮೊದಲು ಕಂಪೆನಿಗೇ ಲಿಖಿತ ದೂರು ಕೊಡಿ. ತಿಂಗಳೊಳಗೆ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬಹುದು. ಅದಕ್ಕೆ ಫೀಸೂ ಇಲ್ಲ, ವಕೀಲರೂ ಬೇಕಿಲ್ಲ.