ಹೊಸ ಮೀನುಹೊಂಡದ ನೀರನ್ನು ಪಕ್ವಗೊಳಿಸುವ ಕ್ರಮ

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗಗಳ ಬೇಸಾಯಕ್ಕೆ ಘಟಪ್ರಭೆಯ ನೀರೇ ದೊಡ್ಡ ಆಧಾರವು. ಆದರೆ ಅದೇ ನೀರು ಮಿತಿಮೀರಿ ನಿಂತ ತಗ್ಗಿನ ಕಪ್ಪುಭೂಮಿಗಳು ಸವಳು-ಜವಳಾಗಿ, ಬೆಳೆಗೆ ಬಾರದಂತಾಗುವುದೂ ಉಂಟು. ಉಪ್ಪು ಅತಿಯಾಗಿಲ್ಲದ ಅಂತಹ ತಾಕುಗಳಲ್ಲಿ ಹೊಂಡ ತೋಡಿ ಕಾಟ್ಲಾ, ರೋಹು, ಮೃಗಾಲ, ಸಾಮಾನ್ಯ ಗೆಂಡೆ ಮೀನುಗಳನ್ನು ಸಾಕುವುದು ಲಾಭದ ಉದ್ಯೋಗವೆನಿಸಿದೆ. ಆದರೆ ಹೊಂಡದಲ್ಲಿ ನೀರು ತುಂಬಿದ ಮರುದಿನವೇ ಮರಿಗಳನ್ನು ಬಿಟ್ಟವರು ಅನೇಕ ವೇಳೆ ನಷ್ಟಕ್ಕೆ ಗುರಿಯಾಗುವರು. ನೀರು ತಿಳಿಯಾಗಿದ್ದರೂ ಮರಿಗಳು ಸಾಯುವುದೇಕೆಂಬುದನ್ನು ಜಮೀನುದಾರರು ತಿಳಿದಿರುವುದು ಅವಶ್ಯ.

ನೀರಿನಲ್ಲಿ ಕೊಳೆಯುವ ಸಗಣಿ ಹಾಗೂ ಮಿಕ್ಕ ಮೇವಿನಿಂದಲೂ, ಮೀನುಗಳು ಹೊರಹಾಕುವ ಕಲ್ಮಷದಿಂದಲೂ ಅಮೋನಿಯಾ ಎಂಬ ವಿಷವು ಹುಟ್ಟುತ್ತದೆ. ಕಣ್ಣಿಗೆ ಕಾಣದ ಒಂದು ಬಗೆಯ ಅಣುಜೀವಿಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುವವು. ಇದೂ ವಿಷವೇ, ಮೀನಿನ ರಕ್ತವನ್ನು ಕಂದುಬಣ್ಣಕ್ಕೆ ತಿರುಗಿಸಿ ಉಸಿರಾಟವನ್ನು ಕೆಡಿಸುವುದು. ಮತ್ತೊಂದು ಬಗೆಯ ಅಣುಜೀವಿಗಳು ನೈಟ್ರೈಟನ್ನು ನೈಟ್ರೇಟ್ ಆಗಿ ಮಾಡುವವು. ನೈಟ್ರೇಟಿನಿಂದ ಮೀನಿಗೆ ಅಷ್ಟು ಬಾಧೆಯಿಲ್ಲ. ಪಾಚಿಗೆ ಅದು ಗೊಬ್ಬರವೇ ಸರಿ. ಹೊಸ ಹೊಂಡದಲ್ಲಿ ಈ ಜೀವಿಗಳ ಸಂಖ್ಯೆ ತೀರ ಅಲ್ಪ. ಹಾಲು ಮೊಸರಾಗಲು ಹೆಪ್ಪೂ ಬೇಕು, ಹೊತ್ತೂ ಬೇಕು. ನೀರಿನ ಸಂಗತಿಯೂ ಹಾಗೆಯೇ.

ಇದು ಊಹೆಯಲ್ಲ. ೧೮೭೭ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಸ್ ಎಂಬ ವಿಜ್ಞಾನಿಗಳು ಚರಂಡಿಯ ನೀರನ್ನು ಮರಳು, ಸುಣ್ಣಕಲ್ಲುಗಳ ಮೂಲಕ ಮೆಲ್ಲನೆ ಇಳಿಸಿದರು. ಸುಮಾರು ೨೦ ದಿನ ಯಾವ ಬದಲಾವಣೆಯೂ ಆಗದೆ, ಬಳಿಕ ಅಮೋನಿಯಾ ಹೋಗಿ ನೈಟ್ರೇಟ್ ತೋರಿತು. ಕ್ಲೋರೋಫಾರ್ಮಿನ ಆವಿ ಸೋಕಿಸಲು ಆ ಕೆಲಸ ನಿಂತಿತು. ಜೀವಿಗಳೇ ಇದಕ್ಕೆ ಕಾರಣವೆಂಬುದು ಇದರಿಂದ ಸಿದ್ಧವಾಯಿತು. ಗಾಜಿನ ತೊಟ್ಟಿಯಲ್ಲಿ ಸಮುದ್ರದ ಮೀನು, ಹವಳಗಳನ್ನು ಸಾಕುವವರು ಇಂದಿಗೂ ಮೊದಲು ೪ರಿಂದ ೬ ವಾರ ಬರಿಯ ನೀರು, ಕಲ್ಲುಗಳನ್ನಿಟ್ಟು ಕಾಯುವುದು ಈ ನಿಯಮದಿಂದಲೇ.

ಈ ಭಾಗದವರು ವಿಶೇಷವಾಗಿ ಗಮನಿಸತಕ್ಕ ಸಂಗತಿಯೊಂದುಂಟು. ನೀರಿನ ಕ್ಷಾರವು ಹೆಚ್ಚಿದಷ್ಟೂ ಅಮೋನಿಯಾ ಉಗ್ರವಾಗುವುದು. ೨೫ ಡಿಗ್ರಿ ಉಷ್ಣತೆಯಲ್ಲಿ ಪಿ.ಎಚ್. ೭ ಇದ್ದರೆ ಅದರ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಅಂಶವು ವಿಷರೂಪದಲ್ಲಿರುವುದು, ಪಿ.ಎಚ್. ೯ಕ್ಕೆ ಏರಿದರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು. ಸವಳುಭೂಮಿಯ ನೀರು ಸಹಜವಾಗಿಯೇ ಕ್ಷಾರವಾಗಿರುವುದರಿಂದ ಇಲ್ಲಿ ಅವಸರವು ಇಮ್ಮಡಿ ಅಪಾಯಕಾರಿ. ಕಾಲುವೆ ಬಂದಾದ ಮೇಲೆ ನೀರು ಬದಲಿಸುವ ಅವಕಾಶವೂ ಇರುವುದಿಲ್ಲ.

ಅನುಸರಿಸತಕ್ಕ ಕ್ರಮವು ಹೀಗಿದೆ:

೧. ಮೊದಲು ಮಣ್ಣನ್ನೂ ನೀರನ್ನೂ ಪರೀಕ್ಷೆ ಮಾಡಿಸಬೇಕು. ಸಾಧಾರಣ ಮಣ್ಣಿಗೆ ಎಕರೆಗೆ ೮೦ರಿಂದ ೧೦೦ ಕಿಲೋ ಸುಣ್ಣ ಸಾಕು. ಪಿ.ಎಚ್. ೮ನ್ನು ಮೀರಿದ್ದಲ್ಲಿ ಸುಣ್ಣ ಹಾಕಲಾಗದು.

೨. ಸುಣ್ಣ ಹಾಕಿದ ಒಂದು ವಾರದ ಬಳಿಕ ಎಕರೆಗೆ ೮೦೦ರಿಂದ ೧೦೦೦ ಕಿಲೋ ಸಗಣಿಗೊಬ್ಬರ ಹಾಕಿ, ೫–೬ ಅಡಿ ನೀರು ನಿಲ್ಲಿಸಬೇಕು. ಸುಣ್ಣವನ್ನೂ ಗೊಬ್ಬರವನ್ನೂ ಕೂಡಿಸಿ ಹಾಕುವುದು ತಪ್ಪು.

೩. ರೋಗವಿಲ್ಲದ ಹಳೆಯ ಹೊಂಡದ ಕೆಸರನ್ನು ಕೆಲವು ಬುಟ್ಟಿ ತಂದು ಹಾಕಿದರೆ ಅದೇ ಹೆಪ್ಪಾಗುವುದು. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಿ ಅಣುಜೀವಿಗಳಿಗೆ ನೆಲೆ ಕಡಿಮೆ. ಆದಕಾರಣ ತಳದಲ್ಲಿ ಅರ್ಧ ಅಡಿ ಮಣ್ಣು ಹರಡಿ, ಹೆಚ್ಚು ದಿನ ಕಾಯಬೇಕು.

೪. ಗೊಬ್ಬರ ಹಾಕಿದ ಮೇಲೆ ಕನಿಷ್ಠ ೧೫ ದಿನ ಮರಿಗಳನ್ನು ಬಿಡಕೂಡದು. ಚಳಿಗಾಲದಲ್ಲಿ ಇನ್ನೂ ತಡವಾಗುವುದು.

ನೀರು ಪಕ್ವವಾಯಿತೆಂಬುದನ್ನು ದಿನದ ಎಣಿಕೆಯೊಂದರಿಂದಲೇ ನಿರ್ಧರಿಸಬಾರದು. ಪರೀಕ್ಷಾ ಪೆಟ್ಟಿಗೆಯಿಂದ ನೋಡಿದರೆ ಮೊದಲು ಅಮೋನಿಯಾ ಏರಿ ಇಳಿಯುವುದು, ಅನಂತರ ನೈಟ್ರೈಟ್ ಏರಿ ಇಳಿಯುವುದು; ಎರಡೂ ಬಹುಮಟ್ಟಿಗೆ ಇಲ್ಲವಾದಾಗ ನೀರು ಸಿದ್ಧವೆಂದು ತಿಳಿಯಬೇಕು. ನೀರಿನ ಹಸಿರನ್ನು ಅಳೆಯಲು ತೋಳನ್ನು ಮೊಣಕೈವರೆಗೆ ನೆಟ್ಟಗೆ ಮುಳುಗಿಸಬೇಕು. ಆಗ ಅಂಗೈ ಮರೆಯಾದರೆ ಹದ ಸರಿಯಾಗಿದೆ. ಅದಕ್ಕೂ ಮೊದಲೇ ಮರೆಯಾದರೆ ಗೊಬ್ಬರ ಹೆಚ್ಚಾಗಿದೆ. ಕೊನೆಯದಾಗಿ, ಹತ್ತಾರು ಮರಿಗಳನ್ನು ಬಲೆಯ ಚೀಲದಲ್ಲಿಟ್ಟು ಎರಡು ದಿನ ಹೊಂಡದಲ್ಲಿ ಇರಿಸಬೇಕು. ಅವು ಚುರುಕಾಗಿ ಉಳಿದರೆ ಮಾತ್ರ ಉಳಿದ ಮರಿಗಳನ್ನು ತರಿಸತಕ್ಕದ್ದು. ಮರಿ ಬಿಟ್ಟ ಮೊದಲ ವಾರಗಳಲ್ಲಿ ಮೇವನ್ನು ಅಲ್ಪವಾಗಿ ಆರಂಭಿಸಿ ಕ್ರಮೇಣ ಹೆಚ್ಚಿಸಬೇಕು. ಅಣುಜೀವಿಗಳೂ ಅದಕ್ಕನುಗುಣವಾಗಿ ವೃದ್ಧಿಯಾಗುವವು. ಬೆಳಗಿನ ಜಾವ ಮೀನುಗಳು ಮೇಲೆದ್ದು ಬಾಯಿ ತೆರೆಯುತ್ತಿದ್ದರೆ ಆಮ್ಲಜನಕವು ಸಾಲದೆಂದು ತಿಳಿದು, ಮೇವು ಹಾಗೂ ಗೊಬ್ಬರಗಳನ್ನು ಕೂಡಲೆ ನಿಲ್ಲಿಸತಕ್ಕದ್ದು.

ಮರಿಗಳಿಗೆ ಮುಂಗಡ ಕೊಟ್ಟು, ದಿನವನ್ನು ಗೊತ್ತುಮಾಡಿ, ಅನಂತರ ಹೊಂಡ ತೋಡುವ ರೂಢಿಯೇ ನಷ್ಟದ ಮೂಲವು. ಊರ ಪ್ರಮುಖರು ಊರಿನ ಕೆರೆ-ಹೊಂಡಗಳನ್ನು ಗುತ್ತಿಗೆ ಕೊಡುವಾಗ ಈ ಕಾಯುವ ಅವಧಿಯನ್ನು ಲೆಕ್ಕಕ್ಕೆ ಹಿಡಿಯುವುದು ಯುಕ್ತ. ಮರಿ ಬಿಡುವ ದಿನವನ್ನು ಪಂಚಾಂಗವಾಗಲಿ ಮಾರಾಟಗಾರನಾಗಲಿ ಗೊತ್ತುಮಾಡಬಾರದು. ಹೊಂಡದ ನೀರೇ ಗೊತ್ತುಮಾಡಬೇಕು.