ನಿವೃತ್ತಿಯ ನಂತರ ಪಿಸ್ತೂಲು

ಪ್ರಶ್ನೆ: ಸಬ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತನಾಗಿ ತುಮಕೂರು ಬಳಿಯ ಹಳ್ಳಿಯಲ್ಲಿದ್ದೇನೆ. ಹಿಂದೆ ನಾನು ಬಂಧಿಸಿದ್ದ ವ್ಯಕ್ತಿಯಿಂದ ಬೆದರಿಕೆ ಕರೆ ಬರುತ್ತಿದೆ. ಇಲಾಖೆಯ ಗುರುತಿನ ಚೀಟಿಯಿದ್ದರೆ ಪಿಸ್ತೂಲು ಇಟ್ಟುಕೊಳ್ಳಬಹುದೆ?

ಉತ್ತರ: ಸಾಲದು. ಸೇವೆಯಲ್ಲಿದ್ದಾಗಿನ ವಿನಾಯಿತಿ ಕರ್ತವ್ಯಕ್ಕೆ ಅಂಟಿಕೊಂಡದ್ದು. ನಿವೃತ್ತಿಯ ದಿನವೇ ಮುಗಿಯಿತು. ಈಗ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ನಿಮಗೂ ಲೈಸೆನ್ಸ್ ಬೇಕೇ ಬೇಕು. ಲೈಸೆನ್ಸಿಲ್ಲದೆ ಪಿಸ್ತೂಲು ಸಿಕ್ಕಿಬಿದ್ದರೆ ಕನಿಷ್ಠ 2 ವರ್ಷ ಜೈಲು. ಪರಿಚಯದವರೇ ಠಾಣೆಯಲ್ಲಿದ್ದಾರೆಂಬ ಧೈರ್ಯದ ಮೇಲೆ ಹೋಗಬೇಡಿ.

ಮೊದಲು ಬೆದರಿಕೆಯ ಬಗ್ಗೆ ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ನಿಮ್ಮ ಅರ್ಜಿಗೆ ಅದೇ ಬೆನ್ನೆಲುಬು. ಆಮೇಲೆ ಜಿಲ್ಲಾಧಿಕಾರಿಗೆ ಅರ್ಜಿ ಹಾಕಿ. ಬೆಂಗಳೂರು ನಗರದಲ್ಲಾದರೆ ಪೊಲೀಸ್ ಕಮಿಷನರ್‌ಗೆ. ದೂರಿನ ಪ್ರತಿ, ಸೇವಾ ದಾಖಲೆ ಲಗತ್ತಿಸಿ. 9 ಎಂ.ಎಂ. ಪಿಸ್ತೂಲು ನಿಷೇಧಿತ ಬೋರ್‌ಗೆ ಸೇರಿದ್ದು, ಅದನ್ನು ಕೇಳಬೇಡಿ; .32 ಬೋರ್ ಕೇಳಿ. ಲೈಸೆನ್ಸ್ 5 ವರ್ಷದ್ದು. ಅದು ಯಾವ ಪ್ರದೇಶಕ್ಕೆ ಅನ್ವಯಿಸುತ್ತದೆಂದು ಓದಿಕೊಂಡೇ ಹೊರಗೆ ಒಯ್ಯಿರಿ.

ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ, ತಡಮಾಡದೆ ಕ್ರಿಮಿನಲ್ ವಕೀಲರನ್ನು ಕಂಡು ಮೇಲ್ಮನವಿ ಸಲ್ಲಿಸಿ. ಲೈಸೆನ್ಸ್ ಬರುವ ತನಕ ಕರೆಗಳ ದಾಖಲೆ ಅಳಿಸದೆ ಇಟ್ಟುಕೊಳ್ಳಿ, ರಾತ್ರಿ ಒಬ್ಬರೇ ಓಡಾಡಬೇಡಿ.