ಮಧುಗಿರಿ ಸೀಮೆಯ ಭೂಗೋಳ, ಹವಾಗುಣ ಮತ್ತು ಚರಿತ್ರೆ: ವಾಣಿಜ್ಯ ದೃಷ್ಟಿಯಿಂದ ಒಂದು ಅಧ್ಯಯನ

ಯಾವುದೇ ಊರಿನ ವ್ಯಾಪಾರವು ನೆಲ, ನೀರು ಮತ್ತು ದಾರಿ ಎಂಬ ಮೂರು ಆಧಾರಗಳ ಮೇಲೆ ನಿಂತಿರುತ್ತದೆ. ಅಂಗಡಿಯ ಖಾತೆ ಪುಸ್ತಕದಲ್ಲಿ ಈ ಮೂರರ ಹೆಸರು ಎಲ್ಲಿಯೂ ಕಾಣಿಸುವುದಿಲ್ಲ. ಆದರೆ ಬಾಕಿದಾರರ ಪಟ್ಟಿ ಬೆಳೆಯುವುದಕ್ಕೂ ದಾಸ್ತಾನು ಕರಗದೆ ಉಳಿಯುವುದಕ್ಕೂ ಬಹುಪಾಲು ಕಾರಣ ಅಲ್ಲಿಯೇ ಇರುತ್ತದೆ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನಿಸಿವೆ. ಈ ನಾಲ್ಕು ತಾಲ್ಲೂಕುಗಳ ನೆಲ, ಮಳೆ ಮತ್ತು ಇತಿಹಾಸವನ್ನು ವರ್ತಕರಿಗೂ ಉದ್ಯಮಿಗಳಿಗೂ ಉಪಯೋಗವಾಗುವ ರೀತಿಯಲ್ಲಿ ಸಂಗ್ರಹಿಸಿ ಕೊಡುವುದು ಈ ಲೇಖನದ ಉದ್ದೇಶ.

ಸ್ಥಾನ ಮತ್ತು ಮೇಲ್ಮೈ ಲಕ್ಷಣ

ಮಧುಗಿರಿ ಪಟ್ಟಣವು ತುಮಕೂರಿಗೆ ಉತ್ತರದಲ್ಲಿ ಸುಮಾರು 43 ಕಿ.ಮೀ. ದೂರದಲ್ಲಿ, ಸಮುದ್ರಮಟ್ಟದಿಂದ ಸುಮಾರು 780 ಮೀಟರ್ ಎತ್ತರದಲ್ಲಿದೆ. ಪಟ್ಟಣದ ಬೆನ್ನಿಗೇ ಎದ್ದು ನಿಂತಿರುವ ಬೆಟ್ಟವು ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದೆಂದು ಹೆಸರಾಗಿದೆ. ಅದರ ನೆತ್ತಿ ಸಮುದ್ರಮಟ್ಟದಿಂದ 3,900 ಅಡಿಗೂ ಮೇಲ್ಪಟ್ಟು ಇದೆ. ರಾಮನಗರದಿಂದ ಹೊರಟು ದೇವರಾಯನದುರ್ಗ, ಮಧುಗಿರಿ, ಪಾವಗಡಗಳನ್ನು ಹಾದು ಮೊಳಕಾಲ್ಮೂರಿನ ಕಡೆಗೆ ಸಾಗುವ ಗ್ರಾನೈಟ್ ಶಿಲಾಪಟ್ಟಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟ್ ಗ್ರಾನೈಟ್ ಎಂದು ಹೆಸರಿಟ್ಟಿದ್ದಾರೆ. ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ಚನ್ನರಾಯನದುರ್ಗ, ಮಿಡಿಗೇಶಿ, ಪಾವಗಡದ ಕೋಟೆಗಳಿಗೆ ಆಧಾರವಾದದ್ದು ಇಂಥ ಕಲ್ಲುಬೆಟ್ಟಗಳೇ.

ಈ ಶಿಲೆ ಕೋಟೆಗೆ ವರವಾದರೂ ನೀರಿಗೆ ಅಷ್ಟು ಅನುಕೂಲವಲ್ಲ. ಗಟ್ಟಿ ಕಲ್ಲಿನಲ್ಲಿ ನೀರು ನಿಲ್ಲುವುದು ಮೇಲಿನ ಸಡಿಲ ಪದರದಲ್ಲಿ ಮತ್ತು ಕೆಳಗಿನ ಬಿರುಕುಗಳಲ್ಲಿ ಮಾತ್ರ. ಒಂದು ಹೊಲದಲ್ಲಿ ನೀರು ಕಂಡ ಕೊಳವೆಬಾವಿಯ ಪಕ್ಕದ ಹೊಲದಲ್ಲಿ ಬರೀ ಧೂಳು ಮೇಲೆ ಬರುವುದಕ್ಕೆ ಇದೇ ಕಾರಣ.

ಮಧುಗಿರಿ ತಾಲ್ಲೂಕಿನ ಹೋಬಳಿಗಳಲ್ಲಿ ಐ.ಡಿ.ಹಳ್ಳಿಯು ಆಂಧ್ರಪ್ರದೇಶದ ಗಡಿಗೆ ಹತ್ತಿರದಲ್ಲಿದೆ. ಇಟಕದಿಬ್ಬನಹಳ್ಳಿ ಎಂಬುದು ಇದರ ಪೂರ್ಣ ಹೆಸರು. ತೆಲುಗಿನಲ್ಲಿ ‘ಇಟುಕ’ ಎಂದರೆ ಇಟ್ಟಿಗೆ. ದಿಬ್ಬ ಎಂಬ ಮಾತು ಎರಡು ಭಾಷೆಗಳಿಗೂ ಸಮಾನ. ಊರಿನ ಹೆಸರೇ ಇಲ್ಲಿನ ಎರಡು ಭಾಷೆಗಳ ನಂಟನ್ನು ಸಾರುತ್ತದೆ. ಪಾವಗಡ ತಾಲ್ಲೂಕಂತೂ ಆಂಧ್ರದ ಮಡಕಶಿರಾ ಸೀಮೆಯು ನಡುವೆ ಬಂದು ಜಿಲ್ಲೆಯ ಉಳಿದ ಭಾಗದಿಂದ ಬೇರ್ಪಟ್ಟಿದೆ. ಆದುದರಿಂದ ಈ ಭಾಗದ ರೈತನಿಗೆ ಮಧುಗಿರಿ ಎಷ್ಟು ಹತ್ತಿರವೋ ಹಿಂದೂಪುರವೂ ಅಷ್ಟೇ ಹತ್ತಿರ. ಧಾರಣೆ ಎಲ್ಲಿ ಹೆಚ್ಚೋ ಮಾಲು ಆ ಕಡೆಗೆ ಹರಿಯುತ್ತದೆ.

ನದಿ, ಕೆರೆ ಮತ್ತು ತಲಪರಿಗೆ

ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿ ನದಿಯು ಕೊರಟಗೆರೆ ಮತ್ತು ಮಧುಗಿರಿ ತಾಲ್ಲೂಕುಗಳಲ್ಲಿ ಉತ್ತರಾಭಿಮುಖವಾಗಿ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಉತ್ತರ ಪಿನಾಕಿನಿಯು ಪಾವಗಡ ತಾಲ್ಲೂಕಿನ ನಾಗಲಮಡಿಕೆಯ ಬಳಿ ಹಾದುಹೋಗುತ್ತದೆ. ಇವು ಮಳೆಗಾಲದ ನದಿಗಳು. ವರ್ಷದ ಹೆಚ್ಚಿನ ತಿಂಗಳು ಇವುಗಳಲ್ಲಿ ಕಾಣುವುದು ಮರಳೇ.

ಆದರೆ ಆ ಮರಳಿನಲ್ಲಿಯೇ ಈ ಸೀಮೆಯ ಹಳೆಯ ಜಲವಿದ್ಯೆ ಅಡಗಿತ್ತು. ಮರಳುಮಿಶ್ರಿತ ತಗ್ಗಿನಲ್ಲಿ ನೆಲದಿಂದ ತಾನಾಗಿ ಉಕ್ಕುವ ಊಟೆಗೆ ಇಲ್ಲಿನವರು ತಲಪರಿಗೆ ಎನ್ನುತ್ತಾರೆ. ಊಟೆಯ ನೀರನ್ನು ಸಣ್ಣ ಕಾಲುವೆಯ ಮೂಲಕ ಗದ್ದೆಗಳಿಗೆ ಹಾಯಿಸಿ, ಸರದಿಯ ಪ್ರಕಾರ ಹಂಚಿಕೊಂಡು, ವರ್ಷಕ್ಕೊಮ್ಮೆ ಎಲ್ಲರೂ ಕೂಡಿ ಹೂಳೆತ್ತುವುದು ರೂಢಿಯಾಗಿತ್ತು. ಎತ್ತುವ ಖರ್ಚಿಲ್ಲ, ವಿದ್ಯುತ್ತಿನ ಬಿಲ್ಲಿಲ್ಲ. ಕೊಳವೆಬಾವಿಗಳು ಹೆಚ್ಚಿ ಜಲಮಟ್ಟ ಕುಸಿದಂತೆ ಮತ್ತು ಮರಳು ಬರಿದಾದಂತೆ ತಲಪರಿಗೆಗಳು ಒಂದೊಂದಾಗಿ ಒಣಗಿದವು. ಸಮುದಾಯದ ಆಸ್ತಿಯಾಗಿದ್ದ ನೀರು ಖಾಸಗಿ ಬಂಡವಾಳದ ವಸ್ತುವಾಯಿತು. ಬಾವಿ ವಿಫಲವಾದರೆ ಅದಕ್ಕೆಂದು ಮಾಡಿದ ಸಾಲ ಮಾತ್ರ ಉಳಿಯಿತು. ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಮಿತಿ ಮೀರಿರುವುದು ಇನ್ನೊಂದು ಹೊರೆ.

ಹವಾಗುಣ

ಈ ಸೀಮೆಯದು ಅರೆಶುಷ್ಕ ಹವಾಗುಣ. ನೈಋತ್ಯ ಮಾರುತಗಳು ಪಶ್ಚಿಮಘಟ್ಟದಲ್ಲಿ ತಮ್ಮ ನೀರಿನ ಬಹುಭಾಗವನ್ನು ಸುರಿಸಿ ಇಲ್ಲಿಗೆ ಬರುವಾಗ ಸೊರಗಿರುತ್ತವೆ. ಈಶಾನ್ಯ ಮಾರುತದ ಪೂರ್ಣ ಫಲವೂ ದೊರೆಯುವುದಿಲ್ಲ. ವಾರ್ಷಿಕ ಸರಾಸರಿ ಮಳೆ ಸುಮಾರು 550ರಿಂದ 650 ಮಿ.ಮೀ. ಮಾತ್ರ, ಅದರಲ್ಲಿಯೂ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳ ಪಾಲೇ ಹೆಚ್ಚು.

ಸರಾಸರಿ ಎಂಬ ಅಂಕಿಯು ಇಲ್ಲಿ ಮೋಸಗೊಳಿಸಬಲ್ಲದು. 2022ರಲ್ಲಿ ಜಯಮಂಗಲಿ ತುಂಬಿ ಹರಿದು ಕೆರೆಗಳು ಕೋಡಿ ಬಿದ್ದವು. ಮರುವರ್ಷ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಬೇಕಾಯಿತು. ಎರಡು ವರ್ಷಗಳ ಸರಾಸರಿ ತೆಗೆದರೆ ಎಲ್ಲವೂ ಸಮವಾಗಿ ಕಾಣಬಹುದು. ರೈತನ ಮನೆಯಲ್ಲಿ ಹಾಗೆ ಕಾಣುವುದಿಲ್ಲ.

ಮುಖ್ಯ ಬೆಳೆಯಾದ ಕಡಲೆಕಾಯಿಯನ್ನು ಜೂನ್–ಜುಲೈನಲ್ಲಿ ಬಿತ್ತುತ್ತಾರೆ. ಹೂವು ಬಿಟ್ಟು ಊಡು ಇಳಿಯುವ ಸಮಯಕ್ಕೆ ಆಗಸ್ಟ್ ತಿಂಗಳ ಒಣಹವೆ ಬಂದರೆ, ಅನಂತರ ಎಷ್ಟು ಮಳೆ ಸುರಿದರೂ ಕಾಯಿ ಕಟ್ಟುವುದಿಲ್ಲ. ಅಂದರೆ ಒಟ್ಟು ಮಳೆಯಷ್ಟೇ ಮುಖ್ಯವಾದದ್ದು ಅದು ಬರುವ ಕಾಲ.

ಚರಿತ್ರೆ

ನೊಳಂಬ ಅರಸರ ಆಳ್ವಿಕೆಗೆ ಒಳಪಟ್ಟಿದ್ದ ಈ ನಾಡಿಗೆ ಅವರ ರಾಜಧಾನಿಯಾದ ಹೆಂಜೇರು, ಅಂದರೆ ಇಂದಿನ ಆಂಧ್ರದ ಹೇಮಾವತಿ, ಸಮೀಪದಲ್ಲಿಯೇ ಇದೆ. ಪಾವಗಡ ತಾಲ್ಲೂಕಿನ ನಿಡುಗಲ್ಲು ಮುಂದೆ ನಿಡುಗಲ್ಲಿನ ಚೋಳರ ನೆಲೆಯಾಯಿತು. ವಿಜಯನಗರದ ನಂತರ ಒಂದೊಂದು ಬೆಟ್ಟವೂ ಒಬ್ಬೊಬ್ಬ ಪಾಳೆಯಗಾರನ ಆಶ್ರಯವಾಯಿತು.

ಮಧುಗಿರಿಯ ಹಳೆಯ ಹೆಸರು ಮದ್ದಗಿರಿ. 1678ರಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಇದು ಮೈಸೂರಿನ ವಶವಾಯಿತು. ಹೈದರ್ ಅಲಿಯು ಕೋಟೆಯನ್ನು ಬಲಪಡಿಸಿದನು. 1763ರಲ್ಲಿ ಬಿದನೂರನ್ನು ಗೆದ್ದ ಬಳಿಕ ಅಲ್ಲಿನ ರಾಣಿ ವೀರಮ್ಮಾಜಿಯನ್ನು ಈ ಬೆಟ್ಟದ ಮೇಲೆ ಸೆರೆಯಲ್ಲಿರಿಸಲಾಯಿತು. 1767ರಲ್ಲಿ ಮರಾಠರು ಕೋಟೆಯನ್ನು ಹಿಡಿದಾಗ ಆಕೆಗೆ ಬಿಡುಗಡೆಯಾಯಿತು.

ಶಿರಾದ ಚರಿತ್ರೆಯು ವರ್ತಕರು ವಿಶೇಷವಾಗಿ ಗಮನಿಸಬೇಕಾದದ್ದು. 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನು ಗೆದ್ದ ಶಿರಾವು 1687ರಲ್ಲಿ ಮೊಗಲರ ಕೈಸೇರಿ, ಏಳು ಪರಗಣಗಳ ಪ್ರಾಂತ್ಯಕ್ಕೆ ರಾಜಧಾನಿಯಾಯಿತು. ಬಸವಾಪಟ್ಟಣದಿಂದ ಕೋಲಾರದವರೆಗಿನ ಪ್ರದೇಶಕ್ಕೆ ಇದೇ ಆಡಳಿತ ಕೇಂದ್ರ. ಮಲಿಕ್ ರಿಹಾನನ ಗೋರಿ ಮತ್ತು 1696ರ ಜುಮ್ಮಾ ಮಸೀದಿ ಆ ವೈಭವದ ಗುರುತುಗಳು. ದಿಲಾವರ್ ಖಾನನ ಕಾಲದ ಅರಮನೆಯು ಬೆಂಗಳೂರು ಮತ್ತು ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಮಾದರಿಯಾಯಿತೆಂದು ಗ್ಯಾಸೆಟಿಯರ್ ದಾಖಲಿಸುತ್ತದೆ. ಮರಾಠರು, ಹೈದರ್, ಮತ್ತೆ ಮರಾಠರು, ಬಳಿಕ ಟಿಪ್ಪು ಹೀಗೆ ಕೈಬದಲಾಗುತ್ತ ಊರು ಕುಗ್ಗಿತು. ಶ್ರೀರಂಗಪಟ್ಟಣದ ಬಳಿ ಗಂಜಾಂ ಪೇಟೆಯನ್ನು ತುಂಬಲು ಟಿಪ್ಪುವು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದನೆಂದೂ ಅದೇ ದಾಖಲೆ ಹೇಳುತ್ತದೆ. ಕೋಟೆ, ಮಸೀದಿಗಳು ಉಳಿದವು, ಕಸುಬುದಾರರು ಹೊರಟುಹೋದರು. ಜನ ಹೋದ ಊರಿನಲ್ಲಿ ಪೇಟೆ ಉಳಿಯುವುದಿಲ್ಲವೆಂಬುದು ಇದರ ಸಾರ. ಇಂದು ದುಡಿಮೆಗಾಗಿ ಬೆಂಗಳೂರಿಗೆ ಹೋಗುವ ಯುವಜನರನ್ನು ಯಾರೂ ಬಲವಂತ ಮಾಡುತ್ತಿಲ್ಲ. ಆ ಕೆಲಸವನ್ನು ಬರ ಮಾಡುತ್ತಿದೆ.

ಜಪಾನಿನ ಒಂದು ಒಣ ನಗರ

ಮಳೆ ಕಡಿಮೆ ಎಂಬ ಮಾತ್ರಕ್ಕೆ ಊರು ಬಡವಾಗಿಯೇ ಉಳಿಯಬೇಕೆ? ಈ ಪ್ರಶ್ನೆಗೆ ಜಪಾನಿನ ತಕಮತ್ಸು ನಗರವು ಒಂದು ಉತ್ತರ ಕೊಡುತ್ತದೆ. ಶಿಕೊಕು ದ್ವೀಪದ ಉತ್ತರ ತೀರದಲ್ಲಿರುವ, ನಾಲ್ಕು ಲಕ್ಷಕ್ಕೂ ಮೇಲ್ಪಟ್ಟು ಜನರಿರುವ ಈ ಮಧ್ಯಮ ಗಾತ್ರದ ನಗರವು ಜಪಾನಿನ ಅತಿ ಚಿಕ್ಕ ಪ್ರಾಂತ್ಯವಾದ ಕಗಾವಾದ ರಾಜಧಾನಿ. ದಕ್ಷಿಣದಲ್ಲಿಯೂ ಉತ್ತರದಲ್ಲಿಯೂ ಪರ್ವತಗಳು ತೇವಭರಿತ ಗಾಳಿಯನ್ನು ತಡೆಯುವುದರಿಂದ ಇಲ್ಲಿ ಬೀಳುವ ಮಳೆ ವರ್ಷಕ್ಕೆ ಸುಮಾರು 1,150 ಮಿ.ಮೀ. ಮಾತ್ರ. ಮಧುಗಿರಿಯವರಿಗೆ ಇದು ಸಮೃದ್ಧಿಯಾಗಿ ಕಂಡರೂ ಜಪಾನಿನ ಲೆಕ್ಕದಲ್ಲಿ ಇದು ಒಣನಾಡು. ನದಿಗಳು ಚಿಕ್ಕವು, ಬೇಗನೆ ಸಮುದ್ರ ಸೇರುತ್ತವೆ.

ಅಲ್ಲಿನವರು ಮಾಡಿದ್ದು ಮೂರು ಕೆಲಸ. ಮೊದಲನೆಯದು ಕೆರೆ. ಕಗಾವಾದಲ್ಲಿ ಇಂದಿಗೂ ಹನ್ನೆರಡು ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಅವುಗಳಲ್ಲಿ ಪ್ರಸಿದ್ಧವಾದ ಮನ್ನೋ ಕೆರೆಯ ಏರಿಯನ್ನು ಕೂಕಾಯ್ ಎಂಬ ಬೌದ್ಧ ಗುರುವು 821ರಲ್ಲಿ ದುರಸ್ತಿ ಮಾಡಿಸಿದನು; ಅದು ಈಗಲೂ ಬಳಕೆಯಲ್ಲಿದೆ. ಎರಡನೆಯದು ಬಿಸಿಲನ್ನೇ ಬಂಡವಾಳ ಮಾಡಿಕೊಂಡ ಕಸುಬುಗಳು. ಸಕ್ಕರೆ, ಉಪ್ಪು, ಹತ್ತಿ ಈ ಮೂರೂ ‘ಸಾನುಕಿಯ ಮೂರು ಬಿಳುಪುಗಳು’ ಎಂದು ಹೆಸರಾದವು. ಅಲ್ಲಿನ ಗೋಧಿಯ ಉದೋನ್ ಶಾವಿಗೆ ದೇಶಕ್ಕೆಲ್ಲ ಪರಿಚಿತ. ಮೂರನೆಯದು ಹೊರಗಿನ ನೀರು. 1970ರ ದಶಕದ ಮಧ್ಯಭಾಗದಿಂದ ಯೋಶಿನೋ ನದಿಯ ನೀರು ಪರ್ವತದ ಸುರಂಗದ ಮೂಲಕ ಕಗಾವಾ ಕಾಲುವೆಗೆ ಬರುತ್ತಿದೆ. ಹಾಗಿದ್ದೂ 1994ರ ಬರದಲ್ಲಿ ತಕಮತ್ಸುವಿನ ನಲ್ಲಿಗಳಿಗೆ ಕಟ್ಟುನಿಟ್ಟಿನ ಪಡಿತರ ಬಂದಿತು. ಕಾಲುವೆ ಬಂದ ಮೇಲೂ ಕೆರೆಗಳನ್ನು ಕೈಬಿಡದೆ ಇದ್ದುದರ ಬೆಲೆ ಅಂಥ ವರ್ಷಗಳಲ್ಲಿ ತಿಳಿಯುತ್ತದೆ.

ಬರಲಿರುವ ನೀರು, ಬರಬೇಕಾದ ರೈಲು

ಮಧುಗಿರಿ ಸೀಮೆಯೂ ಹೊರಗಿನ ನೀರಿನ ಮೇಲೆ ಕಣ್ಣಿಟ್ಟಿದೆ. ಶಿರಾಕ್ಕೆ ಹೇಮಾವತಿ ಕಾಲುವೆಯಿಂದ ಕುಡಿಯುವ ನೀರು ಬರುತ್ತಿದೆ. ಭದ್ರಾ ಮೇಲ್ದಂಡೆ ಯೋಜನೆಗೆ 2023–24ರ ಕೇಂದ್ರ ಮುಂಗಡಪತ್ರದಲ್ಲಿ 5,300 ಕೋಟಿ ರೂ. ನೆರವು ಪ್ರಕಟವಾಯಿತು. ಪಾವಗಡಕ್ಕೆ ತುಂಗಭದ್ರಾ ಹಿನ್ನೀರಿನ ಕುಡಿಯುವ ನೀರಿನ ಯೋಜನೆ ರೂಪುಗೊಂಡಿತು. 24.01 ಟಿಎಂಸಿ ನೀರಿನ ಗುರಿಯುಳ್ಳ ಎತ್ತಿನಹೊಳೆ ಯೋಜನೆಯ ಮೊದಲ ಹಂತವು 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಬಳಿ ಉದ್ಘಾಟನೆಯಾಯಿತು. 2012ರಲ್ಲಿ 8,323 ಕೋಟಿ ರೂ. ಇದ್ದ ಅದರ ಅಂದಾಜು 2023ರ ವೇಳೆಗೆ 23,000 ಕೋಟಿ ರೂ. ದಾಟಿತ್ತು. ವಿಳಂಬಕ್ಕೂ ಬಡ್ಡಿ ಉಂಟು ಎಂಬುದಕ್ಕೆ ಬೇರೆ ನಿದರ್ಶನ ಬೇಡ. 2007–08ರಲ್ಲಿ ಮಂಜೂರಾದ, ಪಾವಗಡ, ಮಧುಗಿರಿ, ಕೊರಟಗೆರೆಗಳನ್ನು ಹಾಯುವ ರಾಯದುರ್ಗ–ತುಮಕೂರು ರೈಲುಮಾರ್ಗಕ್ಕೂ ಇದೇ ಮಾತು ಸಲ್ಲುತ್ತದೆ.

ಬಿಸಿಲಿನ ಬಾಡಿಗೆ

ಬಿಸಿಲನ್ನು ಬಂಡವಾಳ ಮಾಡುವ ಕೆಲಸ ಪಾವಗಡದಲ್ಲಿ ಆಗಿದೆ. ನಾಗಲಮಡಿಕೆ ಹೋಬಳಿಯ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವು 2018ರಲ್ಲಿ ಉದ್ಘಾಟನೆಗೊಂಡು 2019ರಲ್ಲಿ ಪೂರ್ಣವಾಯಿತು. ಭೂಮಿಯನ್ನು ಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದದ್ದು ಇದರ ವಿಶೇಷ. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂ., ಎರಡು ವರ್ಷಕ್ಕೊಮ್ಮೆ ಶೇಕಡಾ 5 ಹೆಚ್ಚಳ. ಮಳೆ ಬಾರದ ವರ್ಷವೂ ಬರುವ ಈ ಹಣ ಒಣಬೇಸಾಯಗಾರನಿಗೆ ದೊಡ್ಡ ಆಸರೆ.

ಆದರೆ ಲೆಕ್ಕವನ್ನು ಮುಂದುವರಿಸಿ ನೋಡಬೇಕು. ಎರಡು ವರ್ಷಕ್ಕೆ ಶೇ. 5 ಎಂದರೆ ವರ್ಷಕ್ಕೆ ಶೇ. 2.5ಕ್ಕೂ ಕಡಿಮೆ. ಹತ್ತು ಹೆಚ್ಚಳಗಳ ನಂತರ, ಅಂದರೆ 20 ವರ್ಷಗಳಲ್ಲಿ, ಗುತ್ತಿಗೆ ಸುಮಾರು 34,200 ರೂ. ಆಗುತ್ತದೆ. ರಿಸರ್ವ್ ಬ್ಯಾಂಕಿನ ಗುರಿಯಾದ ಶೇ. 4ರ ದರದಲ್ಲಿಯೇ ಬೆಲೆಗಳು ಏರಿದರೂ, ಆರಂಭದಲ್ಲಿ 21,000 ರೂ. ಕೊಳ್ಳುತ್ತಿದ್ದಷ್ಟನ್ನು ಅಂದು ಕೊಳ್ಳಲು ಸುಮಾರು 46,000 ರೂ. ಬೇಕು. ಹೆಚ್ಚುತ್ತಿರುವಂತೆ ಕಾಣುವ ಆದಾಯವು ನಿಜಬೆಲೆಯಲ್ಲಿ ಕಾಲುಭಾಗಕ್ಕೂ ಮಿಕ್ಕಿ ಕುಗ್ಗಿರುತ್ತದೆ. ಇನ್ನು ಭೂಮಿಯೇ ಇಲ್ಲದ ಕೂಲಿಕಾರನಿಗೆ ಗುತ್ತಿಗೆ ಇಲ್ಲ. ಹೊಲದ ಕೆಲಸವೂ ಇಲ್ಲ. ಮುಂದೆ ಇಂಥ ಕರಾರಿಗೆ ಸಹಿ ಹಾಕುವವರು ಹೆಚ್ಚಳದ ಷರತ್ತನ್ನು ಬೆಲೆಸೂಚ್ಯಂಕಕ್ಕೆ ಜೋಡಿಸಿಕೊಳ್ಳುವುದು ಲೇಸು.

ವರ್ತಕರು ಮಾಡಬಹುದಾದದ್ದು

ಮೊದಲನೆಯದಾಗಿ, ಮಾರ್ಚ್ 31ರ ಬಾಕಿದಾರರ ಪಟ್ಟಿಯನ್ನು ಹಿಂದಿನ ಆಗಸ್ಟ್ ತಿಂಗಳ ಮಳೆಯ ಅಂಕಿಯೊಡನೆ ಇಟ್ಟು ನೋಡುವುದು. ಐದಾರು ವರ್ಷಗಳ ಹೋಲಿಕೆಯಿಂದ ಯಾವ ಹೋಬಳಿಗೆ ಎಷ್ಟು ಉದ್ದರಿ ಕೊಡಬಹುದೆಂಬ ಅಂದಾಜು ದೊರೆಯುತ್ತದೆ. ಉತ್ತಮ ವರ್ಷದ ಲಾಭದಲ್ಲಿ ಒಂದು ಭಾಗವನ್ನು ಬರದ ವರ್ಷಕ್ಕೆಂದು ಮೀಸಲಿಡುವುದು ಈ ಸೀಮೆಯಲ್ಲಿ ಮುನ್ನೆಚ್ಚರಿಕೆಯಷ್ಟೇ ಅಲ್ಲ, ಅವಶ್ಯಕತೆ.

ಎರಡನೆಯದಾಗಿ, ತನ್ನ ಮಾಳಿಗೆಯ ಮೇಲೆ ಬೀಳುವ ನೀರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು. 5,000 ಚದರಡಿ ಚಾವಣಿಯ ಗೋದಾಮಿನ ಮೇಲೆ 550 ಮಿ.ಮೀ. ಮಳೆಯಾದರೆ ಬೀಳುವ ನೀರು ಸುಮಾರು 2.5 ಲಕ್ಷ ಲೀಟರ್. ಶೇ. 80ರಷ್ಟು ಸಂಗ್ರಹಿಸಿದರೂ 2 ಲಕ್ಷ ಲೀಟರ್ ದೊರೆಯುತ್ತದೆ. ಟ್ಯಾಂಕರ್ ನೀರಿಗೆ ಕೊಡುವ ಬೆಲೆಯಿಂದ ಗುಣಿಸಿದರೆ ತೊಟ್ಟಿಯ ಖರ್ಚು ಎಷ್ಟು ವರ್ಷದಲ್ಲಿ ಮರಳುವುದೆಂದು ಪ್ರತಿಯೊಬ್ಬರೂ ತಾವೇ ಕಂಡುಕೊಳ್ಳಬಹುದು.

ಮೂರನೆಯದಾಗಿ, ಕೆರೆ ಮತ್ತು ತಲಪರಿಗೆಗಳ ಹೂಳೆತ್ತುವ ಕಾರ್ಯದಲ್ಲಿ ವರ್ತಕ ಸಮುದಾಯವು ಪಾಲುಗೊಳ್ಳುವುದು. ಹೊರಗಿನ ನೀರು ಬಂದ ದಿನ ಅದನ್ನು ಹಿಡಿದಿಡಲು ಪಾತ್ರೆ ಬೇಕು; ಬಾರದ ದಿನ ಇರುವ ಮಳೆಯನ್ನಾದರೂ ಉಳಿಸಿಕೊಳ್ಳಬೇಕು.

2002ರ ನಂಜುಂಡಪ್ಪ ಸಮಿತಿಯ ವರದಿಯು ಮಧುಗಿರಿ, ಶಿರಾ, ಪಾವಗಡಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತು. ಪರಗಣಗಳ ರಾಜಧಾನಿಯಾಗಿದ್ದ ಸೀಮೆಗೆ ಈ ಪಟ್ಟ ಶಾಶ್ವತವಾಗಬೇಕಿಲ್ಲ. ನೆಲವನ್ನೂ ಮಳೆಯನ್ನೂ ಬದಲಿಸಲಾಗದು. ನೀರನ್ನು ಲೆಕ್ಕವಿಟ್ಟು ಬಳಸುವುದು, ದುಡಿಯುವ ಕೈಗಳನ್ನು ಊರಿನಲ್ಲಿಯೇ ಉಳಿಸಿಕೊಳ್ಳುವುದು ಇವೆರಡು ಮಾತ್ರ ಊರಿನವರ ಕೈಯಲ್ಲಿಯೇ ಇವೆ.